ಸುರತ್ಕಲ್–ಸ್ಟೇಟ್ ಬ್ಯಾಂಕ್: ಸ್ಕೂಟರ್ ಬಿಡಿಸಿ ಬಸ್ ಹತ್ತಿಸುವ ಲೆಕ್ಕ

ಮಂಗಳೂರಿನ ವಾಹನ ದಟ್ಟಣೆಯ ಬಗ್ಗೆ ಸಭೆ ಕರೆದರೆ ಮೊದಲ ಅರ್ಧ ಗಂಟೆ ಫ್ಲೈಓವರ್‌ಗೆ, ಇನ್ನರ್ಧ ಗಂಟೆ ಬಹುಮಹಡಿ ಪಾರ್ಕಿಂಗ್‌ಗೆ ಹೋಗುತ್ತದೆ. ಬಸ್ಸಿನ ಮಾತು ಬರುವಷ್ಟರಲ್ಲಿ ಚಹಾ ಬಂದಿರುತ್ತದೆ. ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ ಕೊನೆಗೆ ತೆರೆಯಿತು, ಅದಕ್ಕಾಗಿ ಊರು ಸುಮಾರು ಹತ್ತು ವರ್ಷ ಕಾದಿತ್ತು. ಅಂಥ ಕೆಲಸದ ಚೂರುಪಾರು ಖರ್ಚಿನಲ್ಲಿ ಒಂದು ಬಸ್ ಮಾರ್ಗವನ್ನು ಸರಿಪಡಿಸುವುದು ಹೇಗೆ, ಯಾವ ಕೆಲಸ ಮೊದಲು, ಯಾವುದು ಕೊನೆಗೆ ಎಂಬುದನ್ನು ಒಂದೇ ಮಾರ್ಗ ಹಿಡಿದು ಇಲ್ಲಿ ನೋಡಲಾಗಿದೆ. ಲೆಕ್ಕಕ್ಕೆ ಹಿಡಿದ ಅಂಕಿಗಳನ್ನು ‘ಹಿಡಿಯೋಣ’ ಎಂದೇ ಹೇಳಿದ್ದೇವೆ. ಅವನ್ನು ಸ್ಥಳದ ಎಣಿಕೆಯಿಂದ ಬದಲಾಯಿಸಿಕೊಳ್ಳಬೇಕು.

ಮಾರ್ಗ

ಸುರತ್ಕಲ್ ಪೇಟೆಯಿಂದ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಸುಮಾರು 17 ಕಿ.ಮೀ. ಬೈಕಂಪಾಡಿ, ಪಣಂಬೂರು, ಕೂಳೂರು ಕಳೆದು ಕೊಟ್ಟಾರ ಚೌಕಿಯ ತನಕ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿಂದ ಲೇಡಿಹಿಲ್, ಲಾಲ್‌ಬಾಗ್, ಬಲ್ಲಾಳ್‌ಬಾಗ್, ಪಿ.ವಿ.ಎಸ್., ಹಂಪನಕಟ್ಟೆ ಹೀಗೆ ಪಾಲಿಕೆಯ ರಸ್ತೆ. ಒಂದು ತುದಿಯಲ್ಲಿ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ, ನಡುವೆ ಕೈಗಾರಿಕಾ ಪ್ರದೇಶ ಮತ್ತು ನವಮಂಗಳೂರು ಬಂದರು, ಇನ್ನೊಂದು ತುದಿಯಲ್ಲಿ ಮಾರುಕಟ್ಟೆ, ಆಸ್ಪತ್ರೆ, ಕಾಲೇಜುಗಳು. ಎರಡೂ ದಿಕ್ಕಿಗೆ ಬೆಳಿಗ್ಗೆಯೇ ಜನ ಇರುತ್ತಾರೆ, ಅಂದರೆ ಬಸ್ಸು ಖಾಲಿಯಾಗಿ ಮರಳಬೇಕಿಲ್ಲ. ಬಸ್ ಮಾರ್ಗವೊಂದಕ್ಕೆ ಇದಕ್ಕಿಂತ ಒಳ್ಳೆಯ ಜಾತಕ ಸಿಗುವುದು ಕಷ್ಟ.

ಕೆಟ್ಟ ಗ್ರಹ ಕೂಳೂರು ಸೇತುವೆ. ಗುರುಪುರ ನದಿ ದಾಟಲು ಅದು ಬಿಟ್ಟರೆ ಮರವೂರಿನ ತನಕ ಸುತ್ತಬೇಕು. ಅಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಇಡೀ ಉತ್ತರದ ಕಡೆ ಕಟ್ಟಿ ನಿಲ್ಲುತ್ತದೆ. ಕೊಟ್ಟಾರ ಚೌಕಿಯಲ್ಲಿ ಜೋರು ಮಳೆಗೆ ನೀರು ನಿಲ್ಲುವುದು ಊರಿಗೆಲ್ಲ ಗೊತ್ತಿರುವ ಸಂಗತಿ.

ಬೇರೆ ಊರಿನ ಯೋಜನಾ ವರದಿಯನ್ನು ಹೆಸರು ಬದಲಾಯಿಸಿ ಇಲ್ಲಿ ತಂದರೆ ನಡೆಯುವುದಿಲ್ಲ. ಮೈಸೂರು, ಹುಬ್ಬಳ್ಳಿಗಳಲ್ಲಿ ನಗರ ಸಾರಿಗೆ ಎಂದರೆ ಸರ್ಕಾರಿ ನಿಗಮ. ಇಲ್ಲಿ ನಗರದೊಳಗಿನ ಓಡಾಟದಲ್ಲಿ ಖಾಸಗಿ ಸಿಟಿ ಬಸ್ಸುಗಳದೇ ಸಿಂಹಪಾಲು. ಸರ್ಕಾರದ ಸಹಾಯಧನವಿಲ್ಲದೆ, ಟಿಕೆಟ್ ಹಣದಲ್ಲೇ ಇವು ಓಡುತ್ತಿವೆ. ಕೇಂದ್ರದ ನಗರ ನವೀಕರಣ ಯೋಜನೆಯಡಿ (ನರ್ಮ್) ಕೆಎಸ್‌ಆರ್‌ಟಿಸಿಯ ಬಸ್ಸುಗಳು ಬಂದಾಗ ಪರ್ಮಿಟ್ ವಿಷಯದಲ್ಲಿ ತಕರಾರುಗಳಾದವು. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ ಆದ್ದರಿಂದ, ಖಾಸಗಿ ಬಸ್ಸನ್ನೇ ನಂಬಿರುವ ಕರಾವಳಿಯ ಹೆಂಗಸರಿಗೆ ಅದರ ಪಾಲು ಕಡಿಮೆಯೇ ಸಿಕ್ಕಿತು. ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಹೆದ್ದಾರಿ ನೋಡಿಕೊಳ್ಳುವುದು ಹೆದ್ದಾರಿ ಪ್ರಾಧಿಕಾರ, ಫುಟ್‌ಪಾತ್ ಪಾಲಿಕೆಯದು, ಫುಟ್‌ಪಾತ್ ನಡುವೆ ನಿಂತ ಕಂಬ ಮೆಸ್ಕಾಂನದು, ವೃತ್ತದಲ್ಲಿ ನಿಂತವರು ಸಂಚಾರ ಪೊಲೀಸರು. ಒಂದು ತಂಗುದಾಣವನ್ನು ಹತ್ತು ಮೀಟರ್ ಸರಿಸಲು ಇಷ್ಟೂ ಮಂದಿ ಒಪ್ಪಬೇಕು.

ರೋಗ ಎಲ್ಲಿದೆ

ದುಡ್ಡಿನಿಂದಲೇ ತೊಡಗೋಣ. ಸುರತ್ಕಲ್‌ನಿಂದ ಹೋಗಿ ಬರಲು 34 ಕಿ.ಮೀ. ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಡುತ್ತದೆ, ಪೆಟ್ರೋಲ್ 100 ರೂಪಾಯಿ ಎಂದು ಹಿಡಿಯೋಣ. ದಿನಕ್ಕೆ 75 ರೂಪಾಯಿಯ ಆಸುಪಾಸು. ಗಂಡ ಹೆಂಡತಿ ಒಟ್ಟಿಗೆ ಹೋದರೆ ತಲೆಗೆ ಅದರ ಅರ್ಧ. ಟಿಕೆಟ್ ದರವನ್ನು ಎರಡು ಮೂರು ರೂಪಾಯಿ ಇಳಿಸಿ ಇವರನ್ನು ಬಸ್ಸಿಗೆ ಕರೆತರಲಾಗದು.

ಹೊತ್ತಿನ ಲೆಕ್ಕ ನೋಡಿದರೆ ಸ್ಕೂಟರಿಗೆ 35–40 ನಿಮಿಷ, ಬಸ್ಸಿಗೆ 55 ನಿಮಿಷ ಎಂದು ಹಿಡಿಯೋಣ. ಬಸ್ಸಿನ 55ನ್ನು 50ಕ್ಕೆ ಇಳಿಸಬಹುದು, 40ಕ್ಕೆ ಇಳಿಸಲಾಗದು. ಆದರೆ ಜನರನ್ನು ಬೇಸರಪಡಿಸುವುದು ಬಸ್ಸಿನೊಳಗಿನ ಹೊತ್ತಲ್ಲ, ಅದು ಯಾವಾಗ ಬರುತ್ತದೋ ಎಂದು ನಿಂತ ಹೊತ್ತು. ಒಂದು ತಂಗುದಾಣದಲ್ಲಿ 18 ನಿಮಿಷಕ್ಕೆ ಮೂರು ಬಸ್ಸು ಬರುತ್ತವೆ ಎನ್ನಿ. ಆರು ನಿಮಿಷಕ್ಕೊಂದರಂತೆ ಬಂದರೆ ಸರಾಸರಿ ಕಾಯುವ ಹೊತ್ತು 3 ನಿಮಿಷ. ಅವೇ ಮೂರು ಬಸ್ಸು 2, 2, 14 ನಿಮಿಷಗಳ ಅಂತರದಲ್ಲಿ ಬಂದರೆ ಸರಾಸರಿ ಸುಮಾರು 5.7 ನಿಮಿಷ, ಏಕೆಂದರೆ ಹೆಚ್ಚಿನ ಜನ ಸಿಕ್ಕಿಬೀಳುವುದು ಆ 14 ನಿಮಿಷದ ಖಾಲಿಯಲ್ಲೇ. ಅಷ್ಟು ಜನ ಒಂದೇ ಬಸ್ಸಿಗೆ ನುಗ್ಗುತ್ತಾರೆ, ಅದು ಇನ್ನೂ ತಡವಾಗುತ್ತದೆ, ಹಿಂದಿನದು ಖಾಲಿಯಾಗಿ ಬೆನ್ನು ಹಿಡಿಯುತ್ತದೆ. ಬಸ್ಸಿನ ಸಂಖ್ಯೆ ಒಂದೇ, ಡೀಸೆಲ್ ಖರ್ಚೂ ಒಂದೇ, ಆದರೂ ಕಾಯುವ ಹೊತ್ತು ಹತ್ತಿರ ಹತ್ತಿರ ಇಮ್ಮಡಿ.

ಹೀಗಾಗುವುದು ಚಾಲಕರ ಗುಣದಿಂದಲ್ಲ. ಸಿಬ್ಬಂದಿಯ ಗಳಿಕೆ ದಿನದ ಕಲೆಕ್ಷನ್‌ಗೆ ಅಂಟಿಕೊಂಡಿದೆ. ಮುಂದಿನ ಬಸ್ಸನ್ನು ಹಿಂದಿಕ್ಕಿದರೆ ಮುಂದಿನ ತಂಗುದಾಣದ ಜನ ನನಗೆ, ಹಿಂದೆ ಉಳಿದರೆ ಅವನಿಗೆ. ಹಾಗಾಗಿ ಟೈಮ್ ಕೀಪರ್ ಎದುರು ಒಂದು ನಿಮಿಷಕ್ಕಾಗಿ ಜಗಳ, ಲಾಲ್‌ಬಾಗ್‌ನಲ್ಲಿ ಜನ ತುಂಬುವ ತನಕ ತೆವಳಾಟ, ಹಿಂದಿನ ಬಸ್ಸು ಕನ್ನಡಿಯಲ್ಲಿ ಕಂಡೊಡನೆ ಓಟ. ಕಂಡಕ್ಟರ್ ‘ದುಂಬು ಪೋಲೆ, ದುಂಬು ಪೋಲೆ’ ಎಂದು ಜನರನ್ನು ಮುಂದೆ ತಳ್ಳುವುದೂ ಅದೇ ಲೆಕ್ಕದ ಭಾಗ: ಹಿಂಬಾಗಿಲ ಬಳಿ ಇನ್ನೂ ನಾಲ್ಕು ಜನಕ್ಕೆ ಜಾಗವಾಗಬೇಕು.

ಕಡೆಗಣಿಸಿದ ಇನ್ನೊಂದು ಕಾರಣ ರಾತ್ರಿಯ ಟ್ರಿಪ್ ಕಟ್. ಎಂಟೂವರೆಯ ನಂತರದ ಒಂದು ರೌಂಡಿಗೆ 34 ಕಿ.ಮೀ.; ಲೀಟರಿಗೆ ನಾಲ್ಕೂವರೆ ಕಿ.ಮೀ. ಎಂದರೆ ಏಳೂವರೆ ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿಯಂತೆ 675. ಕಲೆಕ್ಷನ್ 400 ಬಂದರೆ ಮಾಲೀಕ ಆ ಟ್ರಿಪ್ ಬಿಡುವುದು ಸಹಜ. ಆದರೆ ಹಂಪನಕಟ್ಟೆಯ ಅಂಗಡಿಯಲ್ಲಿ ಒಂಬತ್ತಕ್ಕೆ ಷಟರ್ ಎಳೆಯುವ ಹುಡುಗನಿಗೆ ಮರಳಲು ಬಸ್ಸಿಲ್ಲ ಎಂದಾದರೆ ಅವನು ಬೆಳಿಗ್ಗೆಯೇ ಸ್ಕೂಟರ್ ಹತ್ತುತ್ತಾನೆ. ರಾತ್ರಿ ಉಳಿಸಿದ 275 ರೂಪಾಯಿಯ ಬದಲು ಮಾರ್ಗ ಕಳೆದುಕೊಳ್ಳುವುದು ಅವನ ಬೆಳಗಿನ ಟಿಕೆಟನ್ನೂ.

ಒಂದು ತಂಗುದಾಣ, ಹತ್ತಿರದಿಂದ

ಈ ಮಾರ್ಗದ ನಗರದೊಳಗಿನ ಭಾಗವಾದ ಎಂ.ಜಿ. ರಸ್ತೆಯಲ್ಲಿ ಸ್ಟೇಟ್ ಬ್ಯಾಂಕ್ ಕಡೆಗೆ ಹೋಗುವ ಬಸ್ಸು ರಸ್ತೆಯ ಪೂರ್ವದ ಬದಿಯಲ್ಲಿ ನಿಲ್ಲುತ್ತದೆ. ಹಾಗಾಗಿ ತಂಗುದಾಣದ ತೆರೆದ ಮುಖ ಪಶ್ಚಿಮಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಮಳೆ ಎರಡೂ ಬರುವುದು ಕಡಲ ಕಡೆಯಿಂದ, ಅಂದರೆ ನೇರ ಮುಖಕ್ಕೆ. 45 ಡಿಗ್ರಿ ಓರೆಯಲ್ಲಿ ಬೀಳುವ ಮಳೆ, 2.5 ಮೀ. ಎತ್ತರದ ಮಾಡಿನ ಅಂಚಿನಿಂದ ಒಳಗೆ ನೆಲದಲ್ಲಿ 2.5 ಮೀ. ತನಕ ನೆನೆಸುತ್ತದೆ. ತಂಗುದಾಣದ ಆಳವೇ ಒಂದೂವರೆ ಮೀಟರ್ ಇದ್ದರೆ ಹಿಂದಿನ ಬೆಂಚೂ ಒದ್ದೆ. ಜನ ಪಕ್ಕದ ಅಂಗಡಿಯ ಮಾಡಿನಡಿ ನಿಲ್ಲುತ್ತಾರೆ, ಬಸ್ಸು ಅಲ್ಲೇ ನಿಲ್ಲುತ್ತದೆ, ಲಕ್ಷಾಂತರ ರೂಪಾಯಿಯ ಸ್ಟೀಲ್ ತಂಗುದಾಣ ಜಾಹೀರಾತಿಗೆ ಉಳಿಯುತ್ತದೆ. ಅದೇ ವಿನ್ಯಾಸ ಎದುರು ಬದಿಯಲ್ಲಿ, ಕೊಟ್ಟಾರ ಕಡೆಗೆ ಹೋಗುವಲ್ಲಿ, ಚೆನ್ನಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಮಳೆ ಬೆನ್ನಿಗೆ. ಒಂದೇ ನಕ್ಷೆಯನ್ನು ಎರಡೂ ಬದಿಗೆ ಟೆಂಡರ್ ಕರೆಯುವುದು ಮೊದಲ ತಪ್ಪು.

ಪಶ್ಚಿಮಕ್ಕೆ ಮುಖವಿರುವ ತಂಗುದಾಣದಲ್ಲಿ ಮಾಡಿನ ರಸ್ತೆಯ ಅಂಚನ್ನು 2.1 ಮೀಟರಿಗೆ ಇಳಿಸಿ, ಆಳ ಕನಿಷ್ಠ 2 ಮೀ. ಇಟ್ಟು, ಮುಂಭಾಗದ ಅರ್ಧ ಉದ್ದಕ್ಕೆ 1.2 ಮೀ. ಎತ್ತರದ ಪಾರದರ್ಶಕ ತಡೆ ಹಾಕಬೇಕು. ಬಸ್ಸಿನ ಕನ್ನಡಿ ತಾಗದಂತೆ ಮಾಡಿನ ಅಂಚು ಕರ್ಬ್‌ನಿಂದ (ಫುಟ್‌ಪಾತ್‌ನ ಅಂಚುಕಲ್ಲು) ಅರ್ಧ ಮೀಟರ್ ಹಿಂದೆ ಇರಲಿ. ಮಾಡಿನ ನೀರು ಹಿಂದಿನ ಚರಂಡಿಗೆ ಇಳಿಯಬೇಕು. ಮುಂದಕ್ಕೆ ಇಳಿಸಿದರೆ ಹತ್ತುವವರ ಕುತ್ತಿಗೆಗೇ ಧಾರೆ.

ಇನ್ನು ಮೆಟ್ಟಿಲು. ಲಾರಿ ಚಾಸಿಯ ಮೇಲೆ ಕಟ್ಟಿದ ಸಿಟಿ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಸುಮಾರು 40–45 ಸೆಂ.ಮೀ. ಬಸ್ಸು 15 ಸೆಂ.ಮೀ. ಎತ್ತರದ ಕರ್ಬ್‌ಗೆ ಒತ್ತಿ ನಿಂತರೆ ಅದು 25–30 ಸೆಂ.ಮೀ.ಗೆ ಇಳಿಯುತ್ತದೆ, ಸೀರೆ ಉಟ್ಟ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಹತ್ತಬಲ್ಲಳು. ಬಸ್ಸು ಒತ್ತಿ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ಎಂಟು ಬೈಕ್, ಒಂದು ಕಾರು, ಒಂದು ಎಳನೀರಿನ ಗಾಡಿ. ಎರಡು ಮೀಟರ್ ಆಚೆ ನಿಂತ ಬಸ್ಸಿಗೆ ಜನ ಡಾಂಬರಿಗೆ ಇಳಿದು ಹತ್ತಬೇಕು. ಒಬ್ಬೊಬ್ಬರಿಗೆ ಎರಡು ಮೂರು ಸೆಕೆಂಡ್ ಹೆಚ್ಚು ಹಿಡಿಯುತ್ತದೆ, ಹಿಂದಿನ ವಾಹನಗಳೂ ಕಟ್ಟಿ ನಿಲ್ಲುತ್ತವೆ. ಪಾರ್ಕಿಂಗ್, ಬಸ್ಸಿನ ವೇಗ, ಮುದುಕರ ಮೊಣಕಾಲು ಮೂರೂ ಒಂದೇ ಸಮಸ್ಯೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಎಣಿಕೆ

ಕೆಲಸ ಎಣಿಕೆಯಿಂದ ತೊಡಗಬೇಕು, ಅದೂ ಸೆಪ್ಟೆಂಬರ್ ಕೊನೆಯಲ್ಲಿ, ಕುದ್ರೋಳಿ ದಸರಾ ಸೇರದಂತೆ. ಮೂರು ಕೆಲಸದ ದಿನ ಮತ್ತು ಒಂದು ಶನಿವಾರ, ಬೆಳಿಗ್ಗೆ 7ರಿಂದ 11, ಸಂಜೆ 4ರಿಂದ 9. ಕೂಳೂರು ಸೇತುವೆ, ಲೇಡಿಹಿಲ್, ಪಿ.ವಿ.ಎಸ್., ಹಂಪನಕಟ್ಟೆ ಈ ನಾಲ್ಕು ಕಡೆ, ದಿಕ್ಕಿಗೆ ಇಬ್ಬರಂತೆ. ವಾಹನ ಎಣಿಸಿ ಬಿಡುವುದಲ್ಲ, ಒಳಗಿನ ಜನರನ್ನು ಎಣಿಸಬೇಕು. ಬಸ್ಸಿಗೆ ತಲೆ ಎಣಿಸಲಾಗದು. ‘ಸೀಟು ಖಾಲಿ, ಸೀಟು ಭರ್ತಿ, ನಿಂತವರು ಸ್ವಲ್ಪ, ನಿಂತವರು ಒತ್ತಾಗಿ, ಫುಟ್‌ಬೋರ್ಡ್’ ಎಂಬ ಐದು ಮಟ್ಟ ಸಾಕು. ಬಸ್ಸಿನ ಜಿಪಿಎಸ್ ದಾಖಲೆ ಸಿಕ್ಕಿದರೆ ಬಸ್ಸು ನಿಜವಾಗಿ ಎಲ್ಲಿ ನಿಲ್ಲುತ್ತದೆ ಎಂಬ ನಕ್ಷೆಯೇ ತಯಾರಾಗುತ್ತದೆ. ಕಾಗದದ ಮೇಲಿನ ತಂಗುದಾಣಕ್ಕೂ ಅದಕ್ಕೂ ಮೂವತ್ತು ನಲ್ವತ್ತು ಮೀಟರ್ ವ್ಯತ್ಯಾಸ ಬಂದಲ್ಲಿ, ಬಸ್ಸನ್ನು ತಿದ್ದುವ ಮುಂಚೆ ತಂಗುದಾಣವನ್ನು ಸರಿಸಲಾಗುತ್ತದೆಯೇ ನೋಡಿ.

ಜೊತೆಗೆ 400 ಸ್ಕೂಟರ್ ಸವಾರರನ್ನು ಪಾರ್ಕಿಂಗ್‌ನಲ್ಲಿ ಹಿಡಿದು ಮೂರೇ ಪ್ರಶ್ನೆ: ಎಲ್ಲಿಂದ, ಎಷ್ಟು ಹೊತ್ತಿಗೆ ಮರಳುತ್ತೀರಿ, ನಿನ್ನೆ ಮಳೆಯಲ್ಲಿ ಏನು ಮಾಡಿದಿರಿ. ಶೇ 5ರ ಆಚೀಚೆಯ ನಿಖರತೆಗೆ 384 ಜನ ಸಾಕು. ಮೂರನೆಯ ಪ್ರಶ್ನೆ ತಮಾಷೆಗಲ್ಲ, ಯೋಜನೆಯ ದಿನಾಂಕ ನಿಂತಿರುವುದೇ ಅದರ ಮೇಲೆ.

ಕಟ್ಟುವ ಕೆಲಸ: ಅಕ್ಟೋಬರ್‌ನಿಂದ ಏಪ್ರಿಲ್

ನಗರದೊಳಗೆ 400–500 ಮೀಟರಿಗೊಂದು ತಂಗುದಾಣ ಸಾಕು, ಹೆದ್ದಾರಿಯಲ್ಲಿ 800ರ ಆಸುಪಾಸು. ಎಂ.ಜಿ. ರಸ್ತೆಯಲ್ಲಿ ಬಸ್ ಬೇ, ಅಂದರೆ ಬಸ್ ಒಳಗೆ ಸರಿದು ನಿಲ್ಲಲು ಫುಟ್‌ಪಾತ್‌ನಲ್ಲಿ ಜಾಗ, ಕೊರೆಯುವುದು ಬೇಡ. ಕೊರೆದ ಬೇ ಎಂದರೆ ಬೈಕಿಗೆ ಹಾಸಿಟ್ಟ ಜಾಗ, ಹೊರಬರಲು ಬಸ್ಸಿಗೆ ಯಾರೂ ದಾರಿ ಬಿಡುವುದಿಲ್ಲ. ಬದಲಿಗೆ ಫುಟ್‌ಪಾತನ್ನೇ ಪಾರ್ಕಿಂಗ್ ಸಾಲಿನಷ್ಟು ಹೊರಗೆ ತಂದು, ಬಸ್ಸು ತನ್ನ ಲೇನ್‌ನಲ್ಲೇ ನಿಂತು ಹೊರಡುವಂತೆ ಮಾಡಬೇಕು. ಒಂಬತ್ತು ಮೀಟರಿನ ಎರಡು ಬಸ್ಸಿಗೆ ನಡುವಿನ ಅಂತರ ಸೇರಿ 25 ಮೀ. ವೇದಿಕೆ, ಹಂಪನಕಟ್ಟೆಯಂಥಲ್ಲಿ 35. ವೃತ್ತದ ಹಿಂದೆ ಬೇಡ, ವೃತ್ತ ದಾಟಿದ ಮೇಲೆ ಇರಲಿ, ಸಿಗ್ನಲ್ ಬಿಟ್ಟಾಗ ಬಸ್ಸು ಅಡ್ಡ ನಿಂತಿರುವುದಿಲ್ಲ. ಹೆದ್ದಾರಿಯಲ್ಲಿ ಮಾತ್ರ ಈ ಮಾತು ತಿರುಗುಮುರುಗು: ಅಲ್ಲಿ ವೇಗ ಹೆಚ್ಚು, ಬೇ ಬೇಕೇ ಬೇಕು, ಇಲ್ಲವೇ ಸರ್ವಿಸ್ ರಸ್ತೆ. ಜತೆಗೆ ನೆಲಮಟ್ಟದಲ್ಲೇ ದಾಟಲು ಸಿಗ್ನಲ್ ಬೇಕು. ಮೇಲುದಾರಿ ಕಟ್ಟಿದರೆ ಜನ ಅದರಡಿಯಲ್ಲೇ ದಾಟುತ್ತಾರೆ.

ಬೈಕ್ ತಡೆಯಲು ಗೂಟ ಹಾಕುವಾಗ ಒಂದು ಇಕ್ಕಟ್ಟು. ಗಾಲಿಕುರ್ಚಿಗೆ 90 ಸೆಂ.ಮೀ. ಬಿಟ್ಟರೆ ಸ್ಕೂಟರೂ ನುಸುಳುತ್ತದೆ. 60 ಸೆಂ.ಮೀ. ಮಾಡಿದರೆ ಗಾಲಿಕುರ್ಚಿ ಹೊರಗೆ. ಎಲ್ಲ ಕಡೆ 60 ಇಟ್ಟು, ಜನ ಸದಾ ನಿಂತಿರುವ ಬಸ್ ಬಾಗಿಲ ಎದುರಿನಲ್ಲಿ ಮಾತ್ರ 90 ಬಿಡುವುದು ಇದ್ದುದರಲ್ಲಿ ಮೇಲು.

ಫುಟ್‌ಪಾತ್ ವಿಷಯದಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 103 ಮಾರ್ಗಸೂಚಿ ಅಡೆತಡೆಯಿಲ್ಲದ 1.8 ಮೀ. ಅಗಲ ಕೇಳುತ್ತದೆ, ಪೇಟೆಯಲ್ಲಿ 2.5. ಕರ್ಬ್ 15 ಸೆಂ.ಮೀ. ಮೀರಬಾರದು. ಮಂಗಳೂರಿನ ಫುಟ್‌ಪಾತ್ ಹೆಚ್ಚಿನ ಕಡೆ ಚರಂಡಿಯ ಮೇಲಿನ ಸ್ಲಾಬ್. ಗೇಟಿಗೊಂದು ಇಳಿಜಾರು ಮಾಡಿ ಮಾಡಿ ಅದು ಒಂಟೆಯ ಬೆನ್ನಾಗಿರುತ್ತದೆ. ಫುಟ್‌ಪಾತ್ ಮಟ್ಟವನ್ನು ಗೇಟಿನ ಎದುರೂ ಹಾಗೇ ಒಯ್ದು, ಇಳಿಜಾರನ್ನು ಕರ್ಬ್ ಪಕ್ಕದ 45–60 ಸೆಂ.ಮೀ. ಅಂಚಿನಲ್ಲಿ ಮುಗಿಸಬೇಕು. ಕಾರು ಸ್ವಲ್ಪ ಕುಲುಕುತ್ತದೆ, ಕುಲುಕಲಿ. ತಂಗುದಾಣದಿಂದ ಎರಡೂ ಕಡೆ 300 ಮೀಟರ್ ಈ ರೀತಿ ಮಾಡಿದರೆ ಸಾಕು, ಇಡೀ ರಸ್ತೆಗೆ ಹೋದರೆ ಹಣ ನಡುವೆಯೇ ಮುಗಿಯುತ್ತದೆ.

ಬಸ್ಸಿಗೆ ಪ್ರತ್ಯೇಕ ಲೇನ್ ಬೇಕೆ? 22 ಕಿ.ಮೀ.ಯ ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್‌ಗೆ ಸಿಕ್ಕ ಅಗಲ ಎಂ.ಜಿ. ರಸ್ತೆಯಲ್ಲಿಲ್ಲ. ಸಿಗ್ನಲ್‌ಗೆ ಮುಂಚಿನ 80–100 ಮೀಟರ್ ಎಡ ಲೇನನ್ನು ಬಸ್ಸಿಗೆ ಬಿಟ್ಟು, ಅದಕ್ಕೆ ಐದಾರು ಸೆಕೆಂಡ್ ಮೊದಲೇ ಹಸಿರು ಕೊಟ್ಟರೆ ಬಸ್ಸು ಸರದಿ ಹಾರಿ ಹೋಗುತ್ತದೆ. ಇಂಥ ಕೆಲವು ಕಡೆ ಸೇರಿ ದಿಕ್ಕಿಗೆ 6 ನಿಮಿಷ ಉಳಿಯಿತು ಎಂದು ಹಿಡಿಯೋಣ. ನಿಲುಗಡೆ ಸೇರಿ 120 ನಿಮಿಷದ ರೌಂಡ್ 108ಕ್ಕೆ ಇಳಿಯುತ್ತದೆ. ಆರು ನಿಮಿಷಕ್ಕೊಂದು ಬಸ್ ಕೊಡಲು 20 ಬೇಕಿದ್ದಲ್ಲಿ 18 ಸಾಕು. ಉಳಿದ ಎರಡು ಬಸ್ಸು ರಾತ್ರಿಯ ಟ್ರಿಪ್‌ಗಳಿಗೆ. ಬಸ್ ಮಾಲೀಕರ ಮುಂದೆ ಮಾತು ತೆಗೆಯಬೇಕಾದ್ದು ಈ ಅಂಕಿಯಿಂದ, ಪರಿಸರದಿಂದಲ್ಲ.

ಕಲೆಕ್ಷನ್ ಒಟ್ಟು ಮಾಡುವುದು

ಕಠಿಣ ಕೆಲಸ ಇದು. ಸಿಮೆಂಟ್‌ಗೆ ಅನುದಾನ ಸಿಗುತ್ತದೆ, ಇದಕ್ಕೆ ಒಪ್ಪಿಗೆ ಬೇಕು.

ಮಾರ್ಗದ ಎಲ್ಲ ಬಸ್ಸಿನ ಕಲೆಕ್ಷನ್ ಒಂದೇ ಖಾತೆಗೆ ಬರಬೇಕು, ಓಡಿದ ಕಿ.ಮೀ. ಲೆಕ್ಕದಲ್ಲಿ ಹಂಚಿಕೆಯಾಗಬೇಕು. ಆಗ ಮುಂದಿನ ಬಸ್ಸನ್ನು ಹಿಂದಿಕ್ಕಿ ಸಿಗುವುದೇನೂ ಇಲ್ಲ. 20 ಬಸ್ಸು, ದಿನಕ್ಕೆ ಆರು ರೌಂಡ್, ಬಸ್ಸಿಗೆ 204 ಕಿ.ಮೀ. ಕಿ.ಮೀ.ಗೆ 55 ರೂಪಾಯಿ ಬಿತ್ತು ಎಂದು ಹಿಡಿಯೋಣ. ರಾತ್ರಿಯ ರೌಂಡ್ ಕಟ್ ಮಾಡಿದವನಿಗೆ ಈಗ 1,870 ರೂಪಾಯಿಯ ಪಾಲು ತಪ್ಪುತ್ತದೆ, ಉಳಿದ ಡೀಸೆಲ್ 675 ಕಳೆದರೂ 1,195 ನಷ್ಟ. ಹಿಂದೆ ಕಟ್ ಮಾಡಿದವನಿಗೆ 275 ಲಾಭ ಇತ್ತು. ನೋಟಿಸು, ದಂಡ ಯಾವುದೂ ಮಾಡದ ಕೆಲಸವನ್ನು ಈ ಒಂದು ಬದಲಾವಣೆ ಮಾಡುತ್ತದೆ. ಕೊಚ್ಚಿಯಲ್ಲಿ 2017ರ ಆಸುಪಾಸಿನಲ್ಲಿ, ಮೆಟ್ರೊ ಬಂದ ಹೊತ್ತಿಗೆ, ಖಾಸಗಿ ಬಸ್ ಮಾಲೀಕರು ಕಂಪನಿಗಳಾಗಿ ಕೂಡಿಕೊಂಡದ್ದು ನಮಗೆ ಹತ್ತಿರದ ಮಾದರಿ. ಭುವನೇಶ್ವರದ ‘ಮೊ ಬಸ್’ನಂತೆ ಎಲ್ಲವನ್ನೂ ಸರ್ಕಾರಿ ಸಂಸ್ಥೆಯ ಗುತ್ತಿಗೆಗೆ ತರುವುದು ಇನ್ನೊಂದು ದಾರಿ, ಆದರೆ ದಶಕಗಳಿಂದ ಬಸ್ ಓಡಿಸಿದ ಮನೆತನಗಳಿರುವ ಊರಲ್ಲಿ ಅದನ್ನು ಮೊದಲ ಮೆಟ್ಟಿಲಾಗಿ ಇಡುವುದು ಜಾಣತನವಲ್ಲ.

ತಪ್ಪುವುದು ಎಲ್ಲಿ? ಮೊದಲನೆಯದು ಸೋರಿಕೆ. ಹಣ ತನ್ನದಲ್ಲ ಎಂದಾದಾಗ ಟಿಕೆಟ್ ಕೊಡದೆ ಐದು ರೂಪಾಯಿ ಕಡಿಮೆ ತೆಗೆದುಕೊಳ್ಳುವ ಹಳೆಯ ಚಾಳಿ ಹೆಚ್ಚುತ್ತದೆ. ಟಿಕೆಟ್ ಯಂತ್ರ, ಕಾರ್ಡ್, ಯುಪಿಐ ಕಡ್ಡಾಯವಾಗಬೇಕು, ಚೆಕಿಂಗ್‌ನವರು ಒಬ್ಬ ಮಾಲೀಕನ ಆಳಾಗದೆ ಮಾರ್ಗದ ಎಲ್ಲ ಮಾಲೀಕರ ಒಕ್ಕೂಟದವರಾಗಿರಬೇಕು. ಎರಡನೆಯದು ಇದಕ್ಕಿಂತ ಸೂಕ್ಷ್ಮ. ಸಂಬಳ ಪೂರ್ತಿ ಸ್ಥಿರವಾದ ದಿನವೇ ಚಾಲಕ ಕೈ ತೋರಿಸಿದವರನ್ನು ಬಿಟ್ಟು ಹೋಗಲು ತೊಡಗುತ್ತಾನೆ, ನಿಲ್ಲಿಸಿದರೆ ಅವನಿಗೇನೂ ಇಲ್ಲವಲ್ಲ. ಆದ್ದರಿಂದ ಗಳಿಕೆಯ ನಾಲ್ಕು ಪಾಲು ಸ್ಥಿರ, ಒಂದು ಪಾಲು ಎರಡು ಸಂಗತಿಗೆ ಕಟ್ಟಿರಲಿ: ಹಿಂದು ಮುಂದಿನ ಬಸ್ಸಿನಿಂದ ಅಂತರ ಕಾಯ್ದುಕೊಂಡದ್ದು, ಮತ್ತು ಇಡೀ ಮಾರ್ಗದಲ್ಲಿ ಆ ದಿನ ಹತ್ತಿದ ಒಟ್ಟು ಜನ. ತನ್ನ ಬಸ್ಸಿಗೆ ಹತ್ತಿದವರ ಲೆಕ್ಕ ಇಟ್ಟರೆ ಮತ್ತೆ ಓಟ. ಮೂರನೆಯದು ಉಡುಪಿ ಕಡೆಯ ಎಕ್ಸ್‌ಪ್ರೆಸ್, ಸರ್ವಿಸ್ ಬಸ್ಸುಗಳು. ಅವು ಸುರತ್ಕಲ್‌ನಲ್ಲಿ ಜನ ಹತ್ತಿಸುತ್ತವೆ, ಒಕ್ಕೂಟದ ಹೊರಗಿರುತ್ತವೆ. ಅವನ್ನು ತಡೆಯಹೋಗಬಾರದು, ದೂರದವರಿಗೆ ಬೇಗ ಮುಟ್ಟಿಸುವ ಬಸ್ಸು ಅವೇ. ಅವುಗಳ ವೇಳೆಯನ್ನು ಪಟ್ಟಿಯಲ್ಲಿ ಸೇರಿಸಿ ನಡುವಿನ ಖಾಲಿಯಲ್ಲಿ ಸಿಟಿ ಬಸ್ ಕೂರಿಸಬೇಕು.

ಕಾನೂನಿನ ಕಡೆಯಿಂದ, ವೇಳಾಪಟ್ಟಿ ಪರ್ಮಿಟ್‌ನ ಷರತ್ತಾಗಿಯೇ ಇರುತ್ತದೆ, ಐದು ವರ್ಷಕ್ಕೊಮ್ಮೆ ನವೀಕರಣವೂ ಆಗುತ್ತದೆ. ಎಲ್ಲರ ವೇಳೆಯನ್ನು ಒಟ್ಟಿಗೆ ಬದಲಿಸಲು ಪ್ರಾಧಿಕಾರದ ಒಂದು ಸಭೆ, ಮಾಲೀಕರೇ ಸಹಿ ಹಾಕಿದ ಒಂದು ಅರ್ಜಿ ಸಾಕು. ಮೇಲಿನಿಂದ ಹೇರಿದರೆ ಮಾತ್ರ ನ್ಯಾಯಾಲಯದ ದಾರಿ.

ಸ್ಟೇಟ್ ಬ್ಯಾಂಕ್‌ನಲ್ಲಿ ನಿಲ್ಲದೆ ಹಾದುಹೋಗುವುದು

ಎಲ್ಲ ದಾರಿಗಳೂ ಸ್ಟೇಟ್ ಬ್ಯಾಂಕ್‌ನಲ್ಲಿ ಮುಗಿಯುತ್ತವೆ. ಗಂಟೆಗೆ 120 ಬಸ್ಸು ಬಂದು ತಲಾ 10 ನಿಮಿಷ ನಿಂತರೆ ಏಕಕಾಲಕ್ಕೆ 20 ಬಸ್ಸಿನ ಜಾಗ ಬೇಕು. ಹಾದುಹೋಗುವ ಬಸ್ಸು 2 ನಿಮಿಷ ನಿಂತರೆ 4, ಏರುಪೇರಿಗೆ ಸೇರಿಸಿ 6. ಸುರತ್ಕಲ್ ಬಸ್ಸು ತೊಕ್ಕೊಟ್ಟಿಗೋ ಪಡೀಲಿಗೋ ಮುಂದುವರಿದರೆ ನಗರದ ನಡುವಿನ ಅಷ್ಟು ಜಾಗ ಬಿಡುವಾಗುತ್ತದೆ, ದೇರಳಕಟ್ಟೆ ಆಸ್ಪತ್ರೆಗೆ ಹೋಗುವವರ ದಾರಿಯೂ ಹತ್ತಿರವಾಗುತ್ತದೆ. 2025ರಲ್ಲಿ ಜಿಲ್ಲಾಧಿಕಾರಿ ಕಚೇರಿ ಪಡೀಲಿಗೆ ಹೋಯಿತು. ಮೊದಲು ಒಂದೇ ಬಸ್ಸಿನಲ್ಲಿ ಮುಗಿಯುತ್ತಿದ್ದ ಆ ಕಚೇರಿಯ ಕೆಲಸಕ್ಕೆ ಸುರತ್ಕಲ್‌ನವರು ಈಗ ಎರಡು ಬಸ್ಸು ಹಿಡಿಯಬೇಕು, ಇಲ್ಲವೇ ಸ್ಕೂಟರ್. ಕಚೇರಿ ಎಲ್ಲಿ ಕಟ್ಟಬೇಕು ಎಂಬುದು ಸಾರಿಗೆಯ ತೀರ್ಮಾನವೂ ಹೌದು ಎಂದು ನೆಲ ಗುರುತಿಸುವ ದಿನ ಯಾರಾದರೂ ಹೇಳಬೇಕು.

ಆದರೆ ಎಲ್ಲ ಬಸ್ಸನ್ನೂ ಹಾಗೆ ಜೋಡಿಸಬಾರದು. ಕೂಳೂರಿನಲ್ಲಾದ ಹದಿನೈದು ನಿಮಿಷದ ತಡ ತೊಕ್ಕೊಟ್ಟಿನವರ ತಲೆಗೂ ಬರುತ್ತದೆ. ಒಂದು ಬಿಟ್ಟು ಒಂದು ಬಸ್ಸು ಹಾದುಹೋಗಲಿ, ಉಳಿದದ್ದು ಸ್ಟೇಟ್ ಬ್ಯಾಂಕ್‌ನಲ್ಲೇ ತಿರುಗಿ ಅಂತರವನ್ನು ಸರಿದೂಗಿಸಲಿ.

ಪಾರ್ಕಿಂಗ್ ಕೊನೆಗೆ

ರಸ್ತೆ ಬದಿಯ 100 ಮೀಟರಿನಲ್ಲಿ ಸಾಲಾಗಿ 16 ಕಾರು ನಿಲ್ಲುತ್ತವೆ. ಸರಾಸರಿ ಮೂರು ಗಂಟೆ ನಿಂತರೆ 12 ಗಂಟೆಯ ದಿನಕ್ಕೆ 64 ಕಾರು, ಕಾರಿಗೆ 1.3 ಜನರಂತೆ ಸುಮಾರು 83 ಜನ. 25 ಮೀಟರಿನ ತಂಗುದಾಣದಲ್ಲಿ ಗಂಟೆಗೆ 20 ಬಸ್ಸು ನಿಂತು ತಲಾ ಐವರು ಹತ್ತಿದರೆ ಒಂದೇ ಗಂಟೆಗೆ 100 ಜನ. ವ್ಯಾಪಾರಿಗಳ ಸಭೆಗೆ ಒಯ್ಯಬೇಕಾದ ಲೆಕ್ಕ ಇದು, ಅವರ ಗಿರಾಕಿಗಳನ್ನೇ ಎಣಿಸಿದ ಅಂಕಿಯೊಂದಿಗೆ.

ಮೋಟಾರು ವಾಹನ ಕಾಯ್ದೆಯ 117ನೇ ಕಲಂ ವಾಹನ ಎಲ್ಲಿ ನಿಲ್ಲಬೇಕು ಎಂದು ಗೊತ್ತುಪಡಿಸಲು ಅವಕಾಶ ಕೊಡುತ್ತದೆ. ನೂರಕ್ಕೆ ಹದಿನೈದು ಜಾಗ ಸದಾ ಖಾಲಿ ಉಳಿಯುವಷ್ಟು ದರ ಇರಬೇಕು. ಮೊದಲ ಗಂಟೆ ಅಗ್ಗ, ಆಮೇಲೆ ಏರಿಕೆ. ಸರಕು ಇಳಿಸಲು ಬೆಳಿಗ್ಗೆ 9ರ ತನಕ ಬಿಡುವು, ಅಂಗವಿಕಲರಿಗೆ ಗುರುತಿಸಿದ ಜಾಗ. ಬೈಕಿಗೂ ದರ ಬೇಕು. ಕಾರಿಗೆ ಮಾತ್ರ ದರ ಹಾಕಿದರೆ ಕಾರಿನವರು ಬೈಕ್ ತರುತ್ತಾರೆ, ಬಸ್ ಹತ್ತುವುದಿಲ್ಲ. ಕಟ್ಟಡಗಳ ಬೇಸ್‌ಮೆಂಟ್ ಗೋದಾಮಾಗಿದ್ದರೆ ಅದನ್ನು ತೆರವು ಮಾಡಿಸಿದ ಮೇಲೆಯೇ ರಸ್ತೆ ಬದಿಗೆ ದರ ಹಾಕಿ, ಇಲ್ಲವಾದರೆ ಒಳರಸ್ತೆಯ ಮನೆಗಳ ಗೇಟಿನ ಎದುರು ಕಾರು ತುಂಬುತ್ತದೆ.

ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಸರಳ. ಬಸ್ಸು ಸರಿಯಾಗುವ ಮೊದಲೇ ದರ ಹಾಕಿದರೆ ಅದು ಬರಿಯ ಸುಲಿಗೆಯಾಗಿ ಕಾಣುತ್ತದೆ, ಮುಂದಿನ ಪಾಲಿಕೆ ಚುನಾವಣೆಗೆ ಮುಂಚೆ ಮಾಯವಾಗುತ್ತದೆ.

ಸೈಕಲ್ ಬಗ್ಗೆ ಎರಡೇ ಮಾತು. ಪಣಂಬೂರು–ತಣ್ಣೀರುಬಾವಿಯ ಕಡಲ ಬದಿ ಸಮತಟ್ಟು, ಸುಲ್ತಾನ್ ಬತ್ತೇರಿಯ ದೋಣಿಯಲ್ಲಿ ಸೈಕಲ್ ದಾಟಿಸಲು ಅನುಕೂಲ ಮಾಡಿದರೆ ಕೂಳೂರನ್ನು ತಪ್ಪಿಸುವ ದಾರಿ ಆಗುತ್ತದೆ. ಕದ್ರಿ, ಬಿಜೈಗಳ ಏರಿಗೆ, ಈ ಸೆಕೆಗೆ, ಬ್ಯಾಟರಿ ಇಲ್ಲದ ಸೈಕಲ್ ಎಲ್ಲರ ಪಾಲಿನದಲ್ಲ.

ಜೂನ್ 1

ಹೊಸ ವೇಳಾಪಟ್ಟಿ ಜೂನ್ 1ರಿಂದ ತೊಡಗಲಿ. ಅದು ಜನವರಿಯಲ್ಲಿ ಉದ್ಘಾಟನೆಯಾದರೆ ಸ್ಕೂಟರಿನವನು ಅದನ್ನು ನೋಡುವುದೂ ಇಲ್ಲ. ಜೂನ್ ಮೊದಲ ವಾರ ಅವನು ರೈನ್‌ಕೋಟ್ ಒಳಗೂ ಒದ್ದೆಯಾಗಿ, ಪ್ಯಾಂಟ್ ಮಡಚಿ, ಬಸ್ ಕಡೆ ನೋಡುತ್ತಾನೆ. ಶಾಲೆ ಕಾಲೇಜು ತೆರೆಯುವುದೂ ಆಗಲೇ, ಮನೆಯ ದಿನಚರಿ ಹೊಸದಾಗುವ ಹೊತ್ತು. ಮೊದಲ ಎರಡು ವಾರ ನೆನೆಯದೆ, ಕಾಯದೆ ಹೋಗಿಬಂದವನು ಅಕ್ಟೋಬರ್‌ನಲ್ಲಿ ಪೂರ್ತಿ ಮರಳಿ ಸ್ಕೂಟರ್‌ಗೆ ಹೋಗುವುದಿಲ್ಲ. ಎಷ್ಟು ಮಂದಿ ಉಳಿದರು ಎಂದು ತಿಳಿಯಲು ಜೂನ್‌ನ ಎಣಿಕೆ ನಂಬಬಾರದು. ಸೆಪ್ಟೆಂಬರ್ ಕೊನೆಯಲ್ಲಿ, ಹಿಂದಿನ ವರ್ಷ ನಿಂತ ಜಾಗದಲ್ಲೇ ನಿಂತು, ಕೂಳೂರು ಸೇತುವೆ ದಾಟಿದ ಜನರನ್ನೇ ಮತ್ತೆ ಎಣಿಸಬೇಕು.

ಈ ದಿನಾಂಕಕ್ಕೆ ಅಡ್ಡ ಬರುವುದು ಮೇ ತಿಂಗಳ ಹೂಳೆತ್ತುವ ಕೆಲಸ. ಏಪ್ರಿಲ್‌ನಲ್ಲಿ ಸಮ ಮಾಡಿದ ಸ್ಲಾಬ್‌ಗಳನ್ನು ಮೇ ಕೊನೆಗೆ ಚರಂಡಿಯವರು ಎತ್ತುತ್ತಾರೆ, ಹೂಳನ್ನು ಫುಟ್‌ಪಾತ್ ಮೇಲೇ ರಾಶಿ ಹಾಕುತ್ತಾರೆ, ಮೊದಲ ಮಳೆಗೆ ಅದು ಮತ್ತೆ ಚರಂಡಿಗೆ. ಎತ್ತಿದ ಸ್ಲಾಬನ್ನು ಗಾರೆ ಹಾಸದೆ ಇಟ್ಟರೆ ಅದು ಅಲುಗಾಡುತ್ತದೆ, ಮೂಲೆ ಒಡೆಯುತ್ತದೆ, ಜುಲೈಗೆ ಅಲ್ಲೊಂದು ಹೊಂಡ, ಹೊಂಡದಲ್ಲೊಂದು ಮರದ ಕೊಂಬೆ ನೆಟ್ಟಿರುತ್ತದೆ. ಪ್ರತಿ ಹತ್ತನೆಯ ಸ್ಲಾಬನ್ನು ಕೊಕ್ಕೆಯಿರುವ ಎತ್ತುವ ಮುಚ್ಚಳವಾಗಿಯೂ ಉಳಿದವನ್ನು ಗಾರೆಯಲ್ಲಿ ಕೂರಿಸಿಯೂ ಕಟ್ಟಬೇಕು, ಹೂಳೆತ್ತುವ ಗುತ್ತಿಗೆಯಲ್ಲೇ ‘ಮುಚ್ಚಳ ಮಾತ್ರ ಎತ್ತತಕ್ಕದ್ದು, ಅಂದೇ ಮುಚ್ಚತಕ್ಕದ್ದು, ಹೂಳು ಅಂದೇ ಸಾಗಿಸತಕ್ಕದ್ದು’ ಎಂದು ಬರೆಯಬೇಕು. ಕೊನೆಯ ಬಿಲ್ ಪಾಸು ಮಾಡುವ ಮೊದಲು ಪಾಲಿಕೆಯ ಎಂಜಿನಿಯರ್ ಲೇಡಿಹಿಲ್‌ನಿಂದ ಹಂಪನಕಟ್ಟೆ ತನಕ ಒಂದು ಸಲ ನಡೆದು ಬರಲಿ, ಮಳೆ ಬರುವಾಗ, ಕೊಡೆ ಹಿಡಿದು.